ಬೇತಾಳ ಮರದಲ್ಲೇ ಉಳಿದರೆ

ಟಿ.ವಿ. ಕಥೆಗಳ ಜೊತೆ ಜಾಲಹಳ್ಳಿಗೆ ಇರುವುದು ಬರೀ ನೋಡುಗರ ಸಂಬಂಧವಲ್ಲ. ಕಪ್ಪುಬಿಳುಪು ಟಿ.ವಿ.ಯ ಪಿಕ್ಚರ್ ಟ್ಯೂಬನ್ನು ಇಲ್ಲಿನ ಬಿಇಎಲ್ ಕಾರ್ಖಾನೆ 1970ರಲ್ಲೇ ತಯಾರಿಸತೊಡಗಿತ್ತು. 1972ರ ಹೊತ್ತಿಗೆ ದೂರದರ್ಶನಕ್ಕೆ ಬೇಕಾದ ಟ್ರಾನ್ಸ್‌ಮಿಟರುಗಳೂ ಇಲ್ಲಿಂದ ಹೋಗತೊಡಗಿದವು. ಬೆಂಗಳೂರಿನವರು ಮನೆಯಲ್ಲಿ ಕೂತು ಕನ್ನಡ ಧಾರಾವಾಹಿ ನೋಡುವ ಕಾಲ ಬರುವುದಕ್ಕೆ ಎಷ್ಟೋ ಮೊದಲೇ, ಆ ಧಾರಾವಾಹಿ ಮೂಡಬೇಕಾದ ಗಾಜನ್ನು ಈ ಕಡೆಯ ಜನ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ಆ ತಲೆಮಾರು ಈಗ ನಿವೃತ್ತವಾಗಿ ಸಂಜೆ ಗಂಗಮ್ಮನ ಗುಡಿಯ ಕಡೆ, ಬಿಇಎಲ್ ಸರ್ಕಲ್ ಕಡೆ ವಾಕಿಂಗ್ ಹೊರಡುತ್ತದೆ. ಮಾತು ಧಾರಾವಾಹಿಯತ್ತ ತಿರುಗಿತೆಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಅದು ಮುಗೀತೇನ್ರೀ, ಇಲ್ಲಾ ನಿಲ್ಲಿಸಿಬಿಟ್ರಾ?’

ರಹಸ್ಯ ಕಥೆಗಳ ಕೊನೆಯ ಬಗ್ಗೆ ನೋಡುಗರು ನಡೆಸುವ ಜಗಳಗಳನ್ನೆಲ್ಲ ಗುಡ್ಡೆಹಾಕಿ ನೋಡಿದರೆ ಈ ಪ್ರಶ್ನೆಯಷ್ಟು ಹರಿತವಾದದ್ದು ಇನ್ನೊಂದು ಸಿಗುವುದಿಲ್ಲ ಎನ್ನುವುದು ನನ್ನ ಅನಿಸಿಕೆ. ಕೊಲೆಗಾರ ಯಾರು, ಆ ಹುಡುಗಿಯ ಅಪ್ಪ ಯಾರು, ಅವಳು ಸತ್ತಳೋ ಬದುಕಿದಳೋ ಎಂದು ಹರಟುವವರು ನಿಜವಾಗಿ ಹರಟುತ್ತಿರುವುದು ಬೇರೆಯದನ್ನೇ. ಕಥೆ ಹೇಳಿದವನು ನನಗೆ ಉತ್ತರ ಕೊಡಬೇಕಿತ್ತೋ ಇಲ್ಲವೋ, ಅಷ್ಟೆ.

ಕನ್ನಡದ ಮಟ್ಟಿಗೆ ಈ ಜಗಳ ಇತ್ತೀಚೆಗೆ ಜೋರಾಗಿ ಎದ್ದದ್ದು ‘ಮಗಳು ಜಾನಕಿ’ಯ ಸಂದರ್ಭದಲ್ಲಿ. ಟಿ.ಎನ್. ಸೀತಾರಾಮ್ ಅವರ ಈ ಧಾರಾವಾಹಿ 2018ರ ಜುಲೈನಲ್ಲಿ ಕಲರ್ಸ್ ಸೂಪರ್ ಚಾನೆಲ್ಲಿನಲ್ಲಿ ಶುರುವಾಯಿತು. ಜಾನಕಿಯ ಹುಟ್ಟಿನ ಗುಟ್ಟಿನ ಸುತ್ತ ಹೆಣೆದ ಕಥೆ. ಜೊತೆಗೆ ಸೀತಾರಾಮ್ ಸ್ವತಃ ಕರಿ ಕೋಟು ತೊಟ್ಟು ನಿಲ್ಲುವ, ‘ಮುಕ್ತ’ದ ಕಾಲದಿಂದ ಮನೆಮಾತಾಗಿದ್ದ ವಕೀಲ ಸಿ.ಎಸ್.ಪಿ. ಗುಟ್ಟು ನೋಡುವವರಿಗೆ ಗೊತ್ತು, ಗೊತ್ತಾಗಬೇಕಾದವರಿಗೆ ಗೊತ್ತಿಲ್ಲ. ಎಂದು ಗೊತ್ತಾಗುತ್ತದೆ, ಗೊತ್ತಾದ ದಿನ ಮುಖಗಳು ಹೇಗಿರುತ್ತವೆ ಎನ್ನುವುದಕ್ಕೇ ಜನ ರಾತ್ರಿ ಕಾಯುತ್ತಿದ್ದದ್ದು. 2020ರ ಮಾರ್ಚಿನಲ್ಲಿ ಕೋವಿಡ್ ಬಂತು, ಚಿತ್ರೀಕರಣಗಳೆಲ್ಲ ನಿಂತವು. ಲಾಕ್‌ಡೌನ್ ಸಡಿಲವಾದ ಮೇಲೆ ಬೇರೆ ಎಷ್ಟೋ ಧಾರಾವಾಹಿಗಳು ಎದ್ದು ಕೂತವು, ಜಾನಕಿ ಏಳಲಿಲ್ಲ. ಅದೇ ಬೇಸಿಗೆಯಲ್ಲಿ ಹಿಂದಿಯಿಂದ ಡಬ್ ಆದ ಮಹಾಭಾರತ ಕನ್ನಡದ ಇನ್ನೊಂದು ಚಾನೆಲ್ಲಿಗೆ ಬಂದು ಮನೆಮನೆಯಲ್ಲಿ ಓಡಿತು. ಕೊನೆ ಏನೆಂದು ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಕಥೆ ಮುಂದುವರಿಯಿತು. ಕೊನೆ ಯಾರಿಗೂ ಗೊತ್ತಿಲ್ಲದ ಕಥೆ ಅರ್ಧಕ್ಕೆ ನಿಂತಿತು.

ನಿಂತ ಮೇಲೆ ನೋಡುಗರು ಹಲವು ದಾರಿ ಹಿಡಿದರು. ಸೀತಾರಾಮರು ಉಳಿದ ಕಥೆಯನ್ನು ನಾಲ್ಕು ಪುಟದಲ್ಲಾದರೂ ಬರೆದುಕೊಟ್ಟರೆ ಸಾಕು, ಮನಸ್ಸಿಗೆ ಸಮಾಧಾನ ಎಂದವರು ಕೆಲವರು. ಬೇಡವೇ ಬೇಡ, ನಟನಟಿಯರ ಮುಖದಲ್ಲಿ ನೋಡಬೇಕಾದದ್ದನ್ನು ಓದಿ ಏನು ಮಾಡುವುದು ಎಂದವರು ಇನ್ನು ಕೆಲವರು. ಮತ್ತೆ ಕೆಲವರು ನಿಂತದ್ದೇ ಒಳ್ಳೆಯದಾಯಿತು, ಗುಟ್ಟು ಗುಟ್ಟಾಗಿಯೇ ಉಳಿದಿರುವುದರಲ್ಲೇ ಸೊಗಸಿದೆ ಎಂದು ಹೇಳತೊಡಗಿದರು. ಈ ಕಡೆಯವರನ್ನು ನಾನು ಒಪ್ಪುವುದಿಲ್ಲ. ಆಕಸ್ಮಿಕಕ್ಕೆ ಕಲೆಯ ಪಟ್ಟ ಕಟ್ಟುವುದು ಸುಲಭ, ಆದರೆ ಅದು ಬರೆದವನಿಗೇ ಮಾಡುವ ಅನ್ಯಾಯ. ಅವನು ಅಲ್ಲಿ ನಿಲ್ಲಿಸಬೇಕೆಂದು ನಿಲ್ಲಿಸಿದ್ದಲ್ಲ.

ಉತ್ತರ ಬೇಕೇ ಬೇಕು ಎನ್ನುವವರನ್ನು ಕೆಲವು ವಿಮರ್ಶಕರು ಹಗುರವಾಗಿ ಕಾಣುವುದುಂಟು. ಎಲ್ಲವನ್ನೂ ಬಾಯಿಗೆ ತುತ್ತು ಮಾಡಿ ಇಡಬೇಕೆನ್ನುವ ಮಂದಿ ಎಂದು. ಕಾರ್ಖಾನೆಯ ನೆರಳಿನಲ್ಲಿ ಬೆಳೆದ ನನಗೆ ಹಾಗನ್ನಿಸುವುದಿಲ್ಲ. ಎಚ್‌ಎಂಟಿಯಲ್ಲೋ ಬಿಇಎಲ್‌ನಲ್ಲೋ ಮೂವತ್ತು ವರ್ಷ ದುಡಿದವರಿಗೆ ಇನ್‌ಸ್ಪೆಕ್ಷನ್ನಿನವರ ಸಹಿ ಬೀಳದ ಜಾಬ್ ಕಾರ್ಡ್ ಎಂದರೆ ಮುಗಿಯದ ಕೆಲಸ. ದೋಷ ಎಲ್ಲಿದೆ ಎಂದು ಹುಡುಕಿ, ಹೀಗಾದದ್ದು ಇದರಿಂದ ಎಂದು ಬರೆಯುವ ತನಕ ಅವರ ಕೈ ಬಿಡುವುದಿಲ್ಲ. ಪತ್ತೇದಾರಿ ಕಥೆ ಹುಟ್ಟಿದ್ದೇ ಇಂಥ ಮನಸ್ಸಿಗಾಗಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಾಡಿಗೆ ಗ್ರಂಥಾಲಯಗಳ ಮೂಲಕ ಹಳ್ಳಿ ಪಟ್ಟಣ ಎನ್ನದೆ ಓದಿಸಿಕೊಂಡದ್ದು ಕೊನೆಯ ಪುಟದಲ್ಲಿ ಕಳ್ಳನ ಕೈಗೆ ಕೋಳ ಬೀಳುತ್ತದೆ ಎನ್ನುವ ನಂಬಿಕೆಯ ಮೇಲೆ. ಮೊದಲ ಪುಟದಲ್ಲಿ ಹೆಣ ಬಿದ್ದರೆ ಅದು ಓದುಗನಿಂದ ಎತ್ತಿದ ಸಾಲ. ಸಾಲ ಕೊಟ್ಟವನು ಕೇಳುವುದರಲ್ಲಿ ತಪ್ಪೇನು?

ಹಾಗಾದರೆ ಆ ಸಾಲವನ್ನು ತೀರಿಸದೆ ಹೋದ, ಆದರೂ ನಾವು ತಲೆಯ ಮೇಲೆ ಹೊತ್ತುಕೊಂಡಿರುವ ಕೃತಿಗಳ ಗತಿ ಏನು? ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ 1985ರಲ್ಲಿ ಬಂತು, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಗಿರೀಶ ಕಾರ್ನಾಡರು ಅದನ್ನು ದೂರದರ್ಶನಕ್ಕೂ ತಂದರು. ಏಲಕ್ಕಿ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ ಜೋಗಿಹಾಳರ ಸಾವಿನ ಗುಟ್ಟು ಹುಡುಕಲು ಅಂಗಡಿ ಎಂಬ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ಇದಕ್ಕಿಂತ ಅಚ್ಚುಕಟ್ಟಾದ ಪತ್ತೇದಾರಿ ಆರಂಭ ಬೇಕೇ? ಆದರೆ ತನಿಖೆ ಮುಂದೆ ಹೋದಷ್ಟೂ ಏಲಕ್ಕಿ ಯಾಕೆ ನಾಶವಾಗುತ್ತಿದೆ, ಕಾಡು ಯಾಕೆ ಬರಿದಾಗುತ್ತಿದೆ, ಊರಿನ ಜಾತಿಮತಗಳು ಯಾಕೆ ಹೊಗೆಯಾಡುತ್ತಿವೆ ಎನ್ನುವ ಪ್ರಶ್ನೆಗಳು ಮೂಲ ಪ್ರಶ್ನೆಯನ್ನು ನುಂಗುತ್ತ ಬರುತ್ತವೆ. ಕೊನೆಗೆ ಬೆಂಕಿ ಬೀಳುವ ಹೊತ್ತಿಗೆ ಕೊಂದವರು ಯಾರು ಎಂದು ಕೇಳುವುದೇ ಓದುಗನಿಗೆ ಸಣ್ಣತನ ಅನ್ನಿಸುತ್ತದೆ. ಇಲ್ಲಿ ಸಾಲ ಮನ್ನಾ ಆಗಿಲ್ಲ. ಓದುಗನಿಗೆ ಅರಿವಾಗದಂತೆ ಅದನ್ನು ಬೇರೆ, ಇನ್ನೂ ದೊಡ್ಡ ನಾಣ್ಯದಲ್ಲಿ ತೀರಿಸಲಾಗಿದೆ. ಅದಕ್ಕೂ ಮೊದಲಿನ ‘ಕರ್ವಾಲೊ’ದಲ್ಲಿ ಹಾರುವ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ, ಅದನ್ನು ಹಿಡಿದು ಬಾಟಲಿಗೆ ಹಾಕಿದ್ದರೆ ಕಾದಂಬರಿ ಒಂದು ಬೇಟೆಯ ವರದಿಯಾಗುತ್ತಿತ್ತು.

ಇನ್ನೂ ಕಷ್ಟದ ಪ್ರಕರಣ ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದ ಈ ಪುಟ್ಟ ಕಾದಂಬರಿ ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದಲ್ಲಿ ದೇಶದಾಚೆಗೂ ಹೋಯಿತು. ಹೋದಲ್ಲೆಲ್ಲ ಒಂದೇ ಜಗಳ ಎಬ್ಬಿಸಿತು. ತವರಿಗೆ ಹೋದ ನಿರೂಪಕನ ಹೆಂಡತಿ ಅನಿತಾ ತಿರುಗಿ ಬಂದಳೇ? ಬಾರದಿದ್ದರೆ ಯಾಕೆ? ಮನೆಯವರು ಊಟದ ಮೇಜಿನ ಸುತ್ತ ಕೂತು ಕೊಲೆಗಳ ಬಗ್ಗೆ ಆಡಿದ ಹಗುರ ಮಾತಿಗೆ ಅರ್ಥವಿತ್ತೇ? ಕಾಫಿ ಹೌಸಿನಲ್ಲಿ ಕೂತ ನಿರೂಪಕನ ಕೈಯಲ್ಲಿ ಕೊನೆಗೆ ರಕ್ತ ಕಾಣಿಸುತ್ತದೆ, ಅದು ಗಾಜು ಚುಚ್ಚಿದ ಗಾಯದ್ದು, ಆದರೆ ಅಷ್ಟೇನಾ? ಒಂದು ಪಂಗಡದವರಿಗೆ ಕೊಲೆ ಆಗಿಹೋಗಿದೆ. ಇನ್ನೊಂದು ಪಂಗಡದವರು ಏನೂ ಆಗಿಲ್ಲ, ಆಗಬಹುದು ಎಂಬ ದಿಗಿಲೇ ಕಥೆ ಎನ್ನುತ್ತಾರೆ. ನಾನು ಎರಡನೆಯವರ ಕಡೆ ವಾಲುವವನು, ಆದರೆ ಮೊದಲಿನವರ ವಾದದಲ್ಲಿ ಒಂದು ಬಲವಿದೆ: ಮನೆ ಬಾಗಿಲಿಗೆ ಬೇಳೆ ಸಾರಿನ ಡಬ್ಬಿ ಹಿಡಿದು ಬಂದ ಹೆಂಗಸನ್ನು ಆ ಕುಟುಂಬ ನಡೆಸಿಕೊಂಡ ರೀತಿಯನ್ನು ಓದಿದ ಮೇಲೆ ಆ ಜನರಿಂದ ಏನೂ ಅಸಾಧ್ಯವಲ್ಲ. ಗಮನಿಸಬೇಕಾದದ್ದು ಏನೆಂದರೆ, ಎರಡೂ ಕಡೆಯವರು ತಮ್ಮ ಸಾಕ್ಷ್ಯವನ್ನು ಪುಸ್ತಕದಿಂದಲೇ ತೆಗೆದು ತೋರಿಸಬಲ್ಲರು. ಬೇಕೆಂದೇ ಬಿಟ್ಟ ಕೊನೆಯ ಗುರುತು ಇದೇ. ಬಿಟ್ಟದ್ದು ಒಂದೇ ಗಂಟು. ಉಳಿದೆಲ್ಲ ಎಳೆಗಳು ಬಿಗಿಯಾಗಿವೆ.

ಸಿನಿಮಾದಲ್ಲೂ ಉದಾಹರಣೆಗಳಿವೆ. ಸುನೀಲ್ ಕುಮಾರ್ ದೇಸಾಯಿಯವರ ‘ಬೆಳದಿಂಗಳ ಬಾಲೆ’ (1995) ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಬಂದದ್ದು. ಫೋನಿನಲ್ಲಿ ಮಾತಾಡುವ ಹುಡುಗಿಯ ಮುಖವನ್ನು ಚಿತ್ರ ಕೊನೆಯ ತನಕ ತೋರಿಸುವುದೇ ಇಲ್ಲ. ತೋರಿಸಬೇಕಿತ್ತು ಎಂದು ಥಿಯೇಟರಿನಿಂದ ಗೊಣಗುತ್ತ ಬಂದವರೇ ಇವತ್ತು ತೋರಿಸದೆ ಇದ್ದದ್ದಕ್ಕೆ ಆ ಚಿತ್ರ ನೆನಪಿದೆ ಎನ್ನುತ್ತಾರೆ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಬಿಡುಗಡೆಯಾದಾಗ ಅರ್ಥವಾಗಲಿಲ್ಲ ಎಂದವರೇ ಹೆಚ್ಚು. ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸಿ, ಯಾರದು ನಿಜ ಎಂದು ತೀರ್ಪು ಕೊಡದ ಚಿತ್ರಕ್ಕೆ ಅಭಿಮಾನಿ ಬಳಗ ಕಟ್ಟಿಕೊಂಡದ್ದು ಥಿಯೇಟರಿನಿಂದ ಹೋದ ಮೇಲೆ.

ಬೇರೆಯವರು ಬಂದು ಮುಗಿಸಿಕೊಟ್ಟರೆ ಹೇಗೆ? ಕನ್ನಡಕ್ಕೆ ಇದರ ಅನುಭವ ಇಂದಿನದಲ್ಲ. ಕುಮಾರವ್ಯಾಸ ಗದಾಪರ್ವಕ್ಕೆ ಭಾರತವನ್ನು ನಿಲ್ಲಿಸಿದ. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರ್ತಿ ಮಾಡಿದ. ಕುಮಾರವ್ಯಾಸ ಯಾಕೆ ನಿಲ್ಲಿಸಿದ ಎಂದು ವಿದ್ವಾಂಸರು ಇವತ್ತಿಗೂ ಚರ್ಚಿಸುತ್ತಾರೆ: ಕೃಷ್ಣಕಥೆಯಾಗಿ ನೋಡಿದರೆ ಅಲ್ಲಿಗೇ ಮುಗಿಯಿತು ಎನ್ನುವವರಿದ್ದಾರೆ, ಆಯುಸ್ಸು ಸಾಲಲಿಲ್ಲ ಎನ್ನುವವರಿದ್ದಾರೆ. ಜಾಲಹಳ್ಳಿಯ ವಾಕಿಂಗ್ ಗುಂಪಿನ ಪ್ರಶ್ನೆಯೇ ಅದು, ಪಂಚೆ ಬದಲು ಪೀತಾಂಬರ ಉಟ್ಟಿದೆ ಅಷ್ಟೆ. ಸಂಸ್ಕೃತದಲ್ಲಿ ಬಾಣ ಬಿಟ್ಟುಹೋದ ‘ಕಾದಂಬರಿ’ಯನ್ನು ಅವನ ಮಗ ಮುಗಿಸಿದ. ನಮ್ಮ ನಾಗವರ್ಮ ಅಪ್ಪ ಮಗ ಇಬ್ಬರದನ್ನೂ ಸೇರಿಸಿಯೇ ಕನ್ನಡಕ್ಕೆ ತಂದ, ಹೊಲಿಗೆ ಕಾಣದ ಹಾಗೆ. ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ಉಳಿದಿದ್ದ ‘ಅವಳ ಮಗಳು’ ಕಾದಂಬರಿಯನ್ನು ಎಂ.ಸಿ. ಪದ್ಮಾ ಪೂರ್ಣಗೊಳಿಸಿದರು. ಪುಟ್ಟಣ್ಣ ಕಣಗಾಲ್ 1985ರಲ್ಲಿ ಹೋದಾಗ ‘ಮಸಣದ ಹೂವು’ ಚಿತ್ರವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು.

ಇಂಗ್ಲೆಂಡಿನವರು ಇದನ್ನು ಒಂದು ಆಟವನ್ನಾಗಿಯೇ ಮಾಡಿಕೊಂಡರು. ಚಾರ್ಲ್ಸ್ ಡಿಕನ್ಸ್ 1870ರಲ್ಲಿ ಸತ್ತಾಗ ‘ಎಡ್ವಿನ್ ಡ್ರೂಡ್’ ಕಾದಂಬರಿ ಅರ್ಧದಷ್ಟೇ ಆಗಿತ್ತು. ಡ್ರೂಡ್ ಸತ್ತನೋ ಇಲ್ಲವೋ ಎಂಬುದೇ ತಿಳಿಯದು. 1914ರಲ್ಲಿ ಲಂಡನ್ನಿನ ಸಾಹಿತಿಗಳು ಸೇರಿ ಆರೋಪಿ ಪಾತ್ರದ ಮೇಲೆ ಅಣಕು ವಿಚಾರಣೆಯನ್ನೇ ನಡೆಸಿದರು. ಜಿ.ಕೆ. ಚೆಸ್ಟರ್‌ಟನ್ ನ್ಯಾಯಾಧೀಶ, ಬರ್ನಾರ್ಡ್ ಷಾ ಜ್ಯೂರಿಯ ಮುಖ್ಯಸ್ಥ. ಕೊನೆಗೆ ಚೆಸ್ಟರ್‌ಟನ್ ನ್ಯಾಯಾಂಗ ನಿಂದನೆ ಎಂದು ತನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ದಂಡ ಹಾಕಿ ಎದ್ದುಹೋದ. ಅಭಿಮಾನಿಗಳ ಜಗಳಕ್ಕೆ ಇದಕ್ಕಿಂತ ಒಳ್ಳೆಯ ತೀರ್ಪು ನಾನು ಕೇಳಿಲ್ಲ.

ಟಿ.ವಿ.ಯ ವಿಷಯದಲ್ಲಿ ಜಗತ್ತು ಮುಖ್ಯ ಪಾಠ ಕಲಿತದ್ದು ಅಮೆರಿಕದ ‘ಟ್ವಿನ್ ಪೀಕ್ಸ್’ನಿಂದ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ 1990ರಲ್ಲಿ ಒಬ್ಬ ಹುಡುಗಿಯ ಕೊಲೆಯಿಂದ ಕಥೆ ಶುರುಮಾಡಿದರು. ಕೊಲೆಗಾರ ಯಾರೆಂದು ಬೇಗ ಹೇಳುವ ಇರಾದೆ ಅವರಿಗಿರಲಿಲ್ಲ. ಚಾನೆಲ್ ಒತ್ತಾಯ ಮಾಡಿತು, ಎರಡನೆಯ ಸೀಸನ್ನಿನ ನಡುವೆ ಹೇಳಿಸಿತು. ಉತ್ತರ ಸಿಕ್ಕಿತು, ಪ್ರೇಕ್ಷಕರು ಎದ್ದು ಹೋದರು. 1991ರ ಜೂನ್ 10ರಂದು ನಾಯಕನನ್ನು ಕನ್ನಡಿಯ ಮುಂದೆ ಇನ್ನೊಂದು ರಹಸ್ಯದಲ್ಲಿ ಸಿಕ್ಕಿಸಿ ಕಥೆ ನಿಂತಿತು; 2017ರಲ್ಲಿ ಮತ್ತೆ ಬಂತು, ಬಂದದ್ದು ಇನ್ನೂ ಬಿಡಿಸಲಾಗದ ಕೊನೆಯೊಂದಿಗೆ. ‘ಸೊಪ್ರಾನೋಸ್’ ಮುಗಿದದ್ದೂ ಜೂನ್ 10ರಂದೇ, 2007ರಲ್ಲಿ: ಹಾಡಿನ ನಡುವೆ ಪರದೆ ಕಪ್ಪಾಯಿತು, ಕೇಬಲ್ ಹೋಯಿತೆಂದು ಜನ ರಿಮೋಟ್ ತಟ್ಟಿದರು. ‘ಲಾಸ್ಟ್’ನ ಕಥೆ ಬೇರೆ. 2010ರಲ್ಲಿ ಅದರ ಕೊನೆಯ ಸಂಚಿಕೆಯ ಮೇಲೆ ಹೆಸರುಗಳು ಓಡುವಾಗ ಚಾನೆಲ್ಲಿನವರು ವಿಮಾನದ ಅವಶೇಷಗಳ ದೃಶ್ಯವನ್ನು ತಾವಾಗಿಯೇ ಹಾಕಿದರು. ಅದನ್ನು ನೋಡಿದವರು ‘ಓಹೋ, ಎಲ್ಲರೂ ಮೊದಲೇ ಸತ್ತಿದ್ದರು’ ಎಂದು ತೀರ್ಮಾನಿಸಿದರು. ಬರೆದವರು ಹಾಗಲ್ಲ ಎಂದು ಎಷ್ಟು ಹೇಳಿದರೂ ಆ ತೀರ್ಮಾನ ಪೂರ್ತಿ ಅಳಿಸಿಲ್ಲ.

ಈ ಉದಾಹರಣೆಗಳಲ್ಲಿ ಒಂದಂಶ ಎದ್ದು ಕಾಣುತ್ತದೆ: ಕೊನೆಯನ್ನು ತೀರ್ಮಾನಿಸುವ ಕೈ ಎಷ್ಟೋ ಸಲ ಕಥೆಗಾರನದಲ್ಲ. ಕನ್ನಡದ ದೈನಂದಿನ ಧಾರಾವಾಹಿಯಲ್ಲಂತೂ ಇದು ಹಗಲಿನಷ್ಟು ಸ್ಪಷ್ಟ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರೆಂದು 2015ರಿಂದ ಬಾರ್ಕ್ ಸಂಸ್ಥೆ ಕೊಡುವ ವಾರದ ಅಂಕಿಗಳು ಗುರುವಾರ ಬರುತ್ತವೆ. ಶುಕ್ರವಾರ ಕಥೆ ಬದಲಾಗಬಹುದು. ಅಂಕಿ ಏರಿದ ಟ್ರ್ಯಾಕನ್ನು ಹಿಗ್ಗಿಸುತ್ತಾರೆ, ಇಳಿದದ್ದನ್ನು ಕೈಬಿಡುತ್ತಾರೆ. ಪಾತ್ರಧಾರಿ ಬಿಟ್ಟುಹೋದರೆ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂದು ಹೊಸ ಮುಖ ಬರುತ್ತದೆ, ಇಲ್ಲವೇ ಪಾತ್ರ ವಿದೇಶಕ್ಕೆ ಹೋಗುತ್ತದೆ. ಆರು ತಿಂಗಳ ಹಿಂದೆ ಯಾರೋ ಬೀರುವಿನಲ್ಲಿ ಬಚ್ಚಿಟ್ಟ ಪತ್ರ ಅಲ್ಲೇ ಗೆದ್ದಲು ತಿನ್ನುತ್ತಿರುತ್ತದೆ. ಕೊನೆಯ ವಾರದಲ್ಲಿ ಖಳನಾಯಕಿ ಇದ್ದಕ್ಕಿದ್ದಂತೆ ಎಲ್ಲ ತಪ್ಪನ್ನೂ ಒಪ್ಪಿಕೊಂಡು ಕೈಮುಗಿಯುತ್ತಾಳೆ, ಮನೆಮಂದಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಶುಭಂ. ಆ ಪತ್ರದ ಬಗ್ಗೆ ಕೇಳಿದವರಿಗೆ ಉತ್ತರವಿಲ್ಲ. ಇದು ಬೇಕೆಂದು ಬಿಟ್ಟ ಕೊನೆಯೂ ಅಲ್ಲ, ನಿಂತುಹೋದ ಕೊನೆಯೂ ಅಲ್ಲ, ಬರೀ ಮರೆವು. ಮರೆವನ್ನು ‘ಪ್ರೇಕ್ಷಕರ ಊಹೆಗೆ ಬಿಟ್ಟಿದ್ದೇವೆ’ ಎಂದು ಹೇಳಿಕೊಳ್ಳುವ ಧೈರ್ಯ ಇತ್ತೀಚೆಗೆ ಹೆಚ್ಚಾಗಿದೆ.

ಮರೆತ ಎಳೆಗಳ ಮಾತು ಬಂದಾಗ ನಮ್ಮ ಕಡೆ ‘ಆಪ್ತಮಿತ್ರ’ದ ಹಾವು ಬಂದೇ ಬರುತ್ತದೆ. ಬಿಇಎಲ್, ಎಚ್‌ಎಂಟಿ, ವಾಯುಸೇನೆ ಮೂರೂ ಸೇರಿ ಜಾಲಹಳ್ಳಿಯಲ್ಲಿ ಮಲಯಾಳಿಗಳನ್ನು ನೆಲೆಗೊಳಿಸಿ ಎರಡು ಮೂರು ತಲೆಮಾರಾಯಿತು. ಇಲ್ಲಿನ ಅಯ್ಯಪ್ಪ ದೇವಸ್ಥಾನ ಬೆಂಗಳೂರಿಗೆಲ್ಲ ಗೊತ್ತು. ಅವರಿಗೆ ಮೂಲ ‘ಮಣಿಚಿತ್ರತ್ತಾಳ್’ (1993) ಬಾಯಿಪಾಠ. ಮಧು ಮುಟ್ಟಂ ಬರೆದು ಫಾಜಿಲ್ ತೆಗೆದ ಆ ಚಿತ್ರದಲ್ಲಿ ದೆವ್ವ ಎಂದು ಕಂಡದ್ದೆಲ್ಲ ಕೊನೆಗೆ ಮನಸ್ಸಿನ ಕಾಯಿಲೆ ಎಂದು ಬಿಡಿಸಿ ಹೇಳಲಾಗುತ್ತದೆ. 2004ರಲ್ಲಿ ಪಿ. ವಾಸು ಅದನ್ನು ವಿಷ್ಣುವರ್ಧನ್, ಸೌಂದರ್ಯ ಜೋಡಿಯೊಂದಿಗೆ ಕನ್ನಡಕ್ಕೆ ತಂದಾಗ ಕಾಯಿಲೆಯ ವಿವರಣೆಯೂ ಉಳಿಯಿತು, ಬಂಗಲೆಯ ಸುತ್ತ ಹರಿದಾಡುವ ಭಾರಿ ಹಾವೂ ಬಂತು. ಹಾವು ಯಾಕೆ ಬಂತು, ಎಲ್ಲಿಗೆ ಹೋಯಿತು ಎಂಬುದಕ್ಕೆ ಚಿತ್ರದಲ್ಲಿ ಸಮಾಧಾನವಿಲ್ಲ. ಮಲಯಾಳಿ ಗೆಳೆಯ ಇದನ್ನು ಕಸ ಎನ್ನುತ್ತಾನೆ, ಕನ್ನಡದವನು ಅದಿಲ್ಲದಿದ್ದರೆ ಮಜಾ ಎಲ್ಲಿ ಎನ್ನುತ್ತಾನೆ. ನಾನು ಕನ್ನಡದವನಾದರೂ ಮಲಯಾಳಿಯ ಪರ. ಎಲ್ಲವನ್ನೂ ವೈದ್ಯನ ಬಾಯಲ್ಲಿ ವಿವರಿಸುವ ಕಥೆಗೆ ಒಂದು ಹಾವನ್ನು ವಿವರಿಸದೆ ಬಿಡುವ ಹಕ್ಕಿಲ್ಲ. ಘಾಚರ್ ಘೋಚರ್‌ಗೆ ಆ ಹಕ್ಕಿದೆ, ಯಾಕೆಂದರೆ ಅದು ಮೊದಲಿಂದಲೂ ಯಾವ ವಿವರಣೆಯ ಮಾತನ್ನೂ ಕೊಟ್ಟಿಲ್ಲ.

ಬಹಳ ವರ್ಷದ ಮೇಲೆ ಹಳೆಯ ಕಥೆಯನ್ನು ಕೈಗೆತ್ತಿಕೊಂಡರೆ ಜಗಳ ತೀರುತ್ತದೆಯೇ ಎಂಬುದಕ್ಕೂ ನಮ್ಮಲ್ಲಿ ಒಂದು ಪ್ರಯೋಗ ನಡೆದಿದೆ. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ 1998ರಲ್ಲಿ ದೂರದರ್ಶನಕ್ಕೆ ‘ಮಾಯಾಮೃಗ’ ಮಾಡಿದ್ದರು. ಅದು ರಹಸ್ಯ ಕಥೆಯಲ್ಲ, ಸಂಸಾರದ ಕಥೆ. ಆದರೂ ಪಾತ್ರಗಳು ಮುಂದೇನಾದವು ಎಂಬ ಕುತೂಹಲ ನೋಡಿದವರಲ್ಲಿ ಉಳಿದಿತ್ತು. 2022ರಲ್ಲಿ ಸಿರಿ ಕನ್ನಡ ಚಾನೆಲ್ಲಿನಲ್ಲಿ ‘ಮತ್ತೆ ಮಾಯಾಮೃಗ’ ಬಂತು. ಟ್ವಿನ್ ಪೀಕ್ಸ್ ಮರಳಲು ಹಿಡಿದಷ್ಟೇ ಕಾಲ ಹೆಚ್ಚುಕಡಿಮೆ ಇದಕ್ಕೂ ಹಿಡಿಯಿತು. ಹಳಬರು ಸಂಭ್ರಮದಿಂದ ನೋಡಿದರು, ಆದರೆ ಒಂದು ಎಳೆ ಬಿಡಿಸಿದಲ್ಲಿ ಇನ್ನೆರಡು ಹುಟ್ಟಿದವು. ಧಾರಾವಾಹಿಯ ಜಾಯಮಾನವೇ ಹಾಗೆ. ಚಂದಮಾಮ ಓದಿ ಬೆಳೆದವರಿಗೆ ಇದು ಹೊಸತಲ್ಲ: ತ್ರಿವಿಕ್ರಮ ಉತ್ತರ ಹೇಳಿದ ಕೂಡಲೆ ಮೌನ ಮುರಿಯಿತೆಂದು ಬೇತಾಳ ಹೆಣದ ಸಮೇತ ಮರ ಹತ್ತುತ್ತಿತ್ತು, ಬರುವ ತಿಂಗಳಿಗೆ ಹೊಸ ಕಥೆ ಸಿದ್ಧ. ಉತ್ತರ ಕೊಡುವುದೇ ಕಥೆ ಮುಂದುವರಿಯುವ ಉಪಾಯ. ಸಂಸ್ಕೃತದ ಮೂಲದಲ್ಲಿ ಕೊನೆಯ ಒಗಟಿಗೆ ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಸುಮ್ಮನಾಗುತ್ತಾನೆ. ಆಗ ಬೇತಾಳ ಒಲಿಯುತ್ತದೆ, ಕಥೆ ನಿಜಕ್ಕೂ ಮುಗಿಯುತ್ತದೆ.

ಇದನ್ನೆಲ್ಲ ಇಟ್ಟುಕೊಂಡು ನನಗೆ ತೋರುವುದು ಇಷ್ಟು. ಬೇಕೆಂದೇ 
ಬಿಟ್ಟವನು ಬಾಯಿ ಬಿಡಬಾರದು. ಅನಿತಾಳಿಗೆ ಏನಾಯಿತು ಎಂದು ಲೇಖಕ ಹೇಳಿದ ದಿನ ಆ ಪುಸ್ತಕದ ಅರ್ಧ ಜೀವ ಹೋಗುತ್ತದೆ. ಬೇರೆ ಯಾರದೋ ಕಾರಣಕ್ಕೆ ಕಥೆ ನಿಂತುಹೋದವನು ಮಾತ್ರ ಹೇಳಬೇಕು, ಹೇಳಲು ಅವನಿಗೆ ಅವಕಾಶ ಕೊಡಬೇಕು. ನಾಲ್ಕು ಪುಟವಾದರೂ ಸರಿ, ಒಂದು ಗಂಟೆಯ ಸಂಚಿಕೆಯಾದರೂ ಸರಿ. ಈಗ ಓಟಿಟಿಯಲ್ಲಿ ಕನ್ನಡದ ರಹಸ್ಯ ಸರಣಿಗಳು ಒಂದೊಂದಾಗಿ ಬರತೊಡಗಿವೆ. ಎರಡನೆಯ ಸೀಸನ್ನಿಗೆ ಹಣ ಸಿಕ್ಕೀತೆಂಬ ಆಸೆಯಲ್ಲಿ ಮೊದಲನೆಯದರ ಬಾಗಿಲನ್ನು ಅರ್ಧ ತೆರೆದಿಡುವ ಚಾಳಿ ಹೊರಗೆಲ್ಲ ಇದೆ, ಇಲ್ಲಿಗೂ ಬರುತ್ತದೆ. ಹಣ ಹಾಕುವವರು ಒಪ್ಪಂದ ಬರೆಯುವಾಗಲೇ ಒಂದು ಸಾಲು ಸೇರಿಸಬಹುದು: ಸರಣಿಯನ್ನು ನಡುವೆ ಕೈಬಿಟ್ಟರೆ ಕಥೆ ಮುಗಿಸಲು ಒಂದು ಸಂಚಿಕೆಯ ಖರ್ಚು ನಮ್ಮದು ಎಂದು. ಆ ಸಂಚಿಕೆ ಚೆನ್ನಾಗಿಲ್ಲದೆ ಹೋದರೆ ಉಳಿದದ್ದೂ ಕೆಡುತ್ತದೆ ಎಂದು ಹೆದರುವವರಿಗೆ ತಿಮ್ಮಣ್ಣ ಕವಿಯನ್ನು ತೋರಿಸಿದರೆ ಸಾಕು. ಅವನು ಬರೆದದ್ದರಿಂದ ಗದುಗಿನ ಭಾರತಕ್ಕೆ ಕೂದಲೂ ಕೊಂಕಲಿಲ್ಲ. ಬೇಕೆನ್ನುವವರು ಓದುತ್ತಾರೆ, ಬೇಡವೆನ್ನುವವರು ದುರ್ಯೋಧನ ಬಿದ್ದಲ್ಲಿಗೆ ಪುಸ್ತಕ ಮಡಚುತ್ತಾರೆ.